ದಸರಾ ಗೊಂಬೆ ಸೆಟ್‌ಗಳು: ದಶಾವತಾರ, ಸಮುದ್ರ ಮಥನ, ಜಂಬೂ ಸವಾರಿ, ಕೊಳ್ಳುವ ಮುನ್ನ ಏನು ನೋಡಬೇಕು

ಗಣೇಶನ ಹಬ್ಬ ಕಳೆಯುತ್ತಿದ್ದಂತೆ ಗಾಂಧಿ ಬಜಾರು, ಮಲ್ಲೇಶ್ವರ, ಮೈಸೂರಿನ ಅಂಗಡಿ ಬೀದಿಗಳಲ್ಲಿ ದಸರಾ ಗೊಂಬೆಗಳು ಬಂದು ಕೂರುತ್ತವೆ. ಪಟ್ಟದ ಗೊಂಬೆ, ಅಂದರೆ ರಾಜ ರಾಣಿಯ ಜೋಡಿ, ಸಾಮಾನ್ಯವಾಗಿ ಮದುವೆಯಲ್ಲಿ ತವರಿನಿಂದ ಬಂದಿರುತ್ತದೆ, ಅದನ್ನು ಮತ್ತೆ ಕೊಳ್ಳುವ ಪ್ರಮೇಯವಿಲ್ಲ. ವರ್ಷಕ್ಕೊಂದರಂತೆ ಮನೆಗೆ ಸೇರುವುದು ಸೆಟ್‌ಗಳು: ದಶಾವತಾರ, ಸಮುದ್ರ ಮಥನ, ಗಿರಿಜಾ ಕಲ್ಯಾಣ, ಗಜೇಂದ್ರ ಮೋಕ್ಷ, ರಾಮ ಪಟ್ಟಾಭಿಷೇಕ, ಜಂಬೂ ಸವಾರಿ. ಅಂಗಡಿಯಲ್ಲಿ ಎಲ್ಲವೂ ಥಳಥಳ ಹೊಳೆಯುತ್ತವೆ. ಯಾವುದನ್ನು ತರುವುದು?

ಗೊಂಬೆ ಬಾಗಿನಕ್ಕೆಂದು ಬಂದ ಮಗು ಮೆಟ್ಟಿಲ ಮುಂದೆ ನಿಂತು ಕೇಳುವುದು ಎರಡೇ ಮಾತು: "ಇದು ಯಾರು? ಏನ್ ಮಾಡ್ತಿದ್ದಾರೆ?" ಗೊಂಬೆಯ ಕಡೆಗೇ ಬೆರಳು ಮಾಡಿ ಉತ್ತರ ಹೇಳಲು ಬರುವಂತಿದ್ದರೆ ಸೆಟ್ ಒಳ್ಳೆಯದು. ಗಜೇಂದ್ರನನ್ನೋ ಬಲಿ ಚಕ್ರವರ್ತಿಯನ್ನೋ ಅಪಾರ್ಟ್‌ಮೆಂಟಿನ ಮಕ್ಕಳು ಮೊದಲು ಕಾಣುವುದು ಬಹಳ ಸಲ ಪಕ್ಕದ ಮನೆಯ ಗೊಂಬೆ ಮೆಟ್ಟಿಲ ಮೇಲೆಯೇ. ಅಲ್ಲಿ ತಪ್ಪು ಆಯುಧ, ತಪ್ಪು ಬಣ್ಣ ಕಂಡರೆ ಕಥೆಯೂ ಹಾಗೆಯೇ ಮನಸ್ಸಿನಲ್ಲಿ ಕೂರುತ್ತದೆ. ಆದ್ದರಿಂದ ಇಲ್ಲಿ ಮೊದಲು ನೋಡಿರುವುದು ಕಥೆ, ಆಮೇಲೆ ಮಣ್ಣು, ಮರ, ಬಣ್ಣ.

ಅತಿ ಹೆಚ್ಚು ಮನೆಗಳಲ್ಲಿ ಮೊದಲ ಸೆಟ್ಟಾಗಿ ಬರುವುದು ದಶಾವತಾರ. ಅದರಲ್ಲೇ ತಪ್ಪುಗಳೂ ಹೆಚ್ಚು. ಅಗ್ಗದ ಸೆಟ್‌ಗಳಲ್ಲಿ ಒಂದೇ ಅಚ್ಚಿನ ಮುಂಡಕ್ಕೆ ಬೇರೆ ಬೇರೆ ತಲೆ, ಬಾಲ ಅಂಟಿಸಿ ಹತ್ತು ಮಾಡಿರುತ್ತಾರೆ. ಮತ್ಸ್ಯ, ಕೂರ್ಮಗಳಿಗೆ ಅದು ನಡೆಯುತ್ತದೆ. ಸೊಂಟದಿಂದ ಮೇಲೆ ಶಂಖಚಕ್ರ ಹಿಡಿದ ನಾಲ್ಕು ಕೈಯ ವಿಷ್ಣು ಎರಡರಲ್ಲೂ ಒಂದೇ. ವರಾಹನಿಗೆ ನಡೆಯುವುದಿಲ್ಲ. ಕೋರೆಯ ಮೇಲೋ ತೋಳಿನ ಮೇಲೋ ಭೂದೇವಿ ಇರಲೇಬೇಕು, ಅವಳಿಲ್ಲದಿದ್ದರೆ ವರಾಹ ಬಂದದ್ದು ಏಕೆಂದು ಹೇಳಲು ಗೊಂಬೆಯಲ್ಲಿ ಏನೂ ಉಳಿಯುವುದಿಲ್ಲ. ನರಸಿಂಹನ ತೊಡೆಯ ಮೇಲೆ ಹಿರಣ್ಯಕಶಿಪು, ಪಕ್ಕದಲ್ಲಿ ಕೈಮುಗಿದ ಪ್ರಹ್ಲಾದ. ಮೇಲಿನ ಎರಡು ಕೈಗಳಲ್ಲಿ ಶಂಖಚಕ್ರವಿರಲಿ. ಹೊಟ್ಟೆ ಬಗೆಯುವ ಕೈಗಳಲ್ಲಿ ಮಾತ್ರ ಯಾವ ಆಯುಧವೂ ಇರಕೂಡದು. ಆಯುಧದಿಂದ ಸಾವಿಲ್ಲ ಎಂಬ ವರವನ್ನು ಉಗುರಿನಿಂದ ದಾಟಿದ್ದೇ ಅಲ್ಲಿನ ಕಥೆ. ಹೊಸಿಲೂ ಕೆತ್ತಿದ್ದರೆ ಕಣ್ಣುಮುಚ್ಚಿ ಕೊಳ್ಳಿ, ಅಂಥ ಅಚ್ಚು ಅಪರೂಪ. ಉಗ್ರರೂಪ ಮನೆಯಲ್ಲಿ ಬೇಡವೆನ್ನುವವರು ಲಕ್ಷ್ಮೀನರಸಿಂಹನನ್ನು ಬಿಡಿಯಾಗಿ ತಂದು ಕೂರಿಸುವುದುಂಟು, ಆಗಲೂ ಪ್ರಹ್ಲಾದನನ್ನು ಬಿಡಬೇಡಿ.

ವಾಮನನ ಕೊಡೆ ತಂತಿಯ ಮೇಲೆ ಬೇರೆಯಾಗಿ ನಿಲ್ಲಿಸಿದ್ದು; ಸೆಟ್‌ನಲ್ಲಿ ಮೊದಲು ಕಳೆದುಹೋಗುವ ಭಾಗ ಅದೇ. ಕೊಳ್ಳುವಾಗಲೇ ಅಲುಗಾಡಿಸಿ ನೋಡಿ. ಪರಶುರಾಮನಿಗೆ ಜಟೆ, ಗಡ್ಡ, ಕೊಡಲಿ. ಕೆಲವು ಸೆಟ್‌ಗಳಲ್ಲಿ ಅವನ ಕೈಗೂ ಬಿಲ್ಲು ಕೊಟ್ಟಿರುತ್ತಾರೆ, ಆಗ ಪಕ್ಕದ ರಾಮನಿಂದ ಬೇರೆಮಾಡಿ ತೋರಿಸುವುದು ಕಷ್ಟ. ಹೆಚ್ಚು ಕೆಡುವುದು ಬಲರಾಮ. ಅವನದು ಬಿಳಿ ಮೈಬಣ್ಣ, ನೀಲಿ ಬಟ್ಟೆ, ಹೆಗಲ ಮೇಲೆ ನೇಗಿಲು. ಕೃಷ್ಣನದು ನೀಲಮೇಘದ ಮೈ, ಹಳದಿ ಪೀತಾಂಬರ. ಬಣ್ಣ ಹಚ್ಚುವವರು ಒಂದೇ ಬಟ್ಟಲಿನಿಂದ ಇಬ್ಬರಿಗೂ ನೀಲಿ ಬಳಿದು, ಇಬ್ಬರಿಗೂ ಹಳದಿ ಉಡಿಸಿಬಿಡುತ್ತಾರೆ. ಈ ಒಂದು ಗೊಂಬೆ ಸರಿಯಿದ್ದರೆ ಉಳಿದ ಒಂಬತ್ತೂ ಬಹುಮಟ್ಟಿಗೆ ಸರಿಯಿರುತ್ತವೆ. ತಿಳಿದವರ ಕೈಯಲ್ಲಿ ಬಣ್ಣ ಕಂಡಿದೆ ಎಂದೇ ಅರ್ಥ.

ಬಲರಾಮನ ಬದಲು ಬುದ್ಧನಿರುವ ಸೆಟ್ ಕೂಡ ಸಿಗುತ್ತದೆ. ಎರಡೂ ಪರಂಪರೆಯಲ್ಲಿವೆ, ತಕರಾರು ಬೇಕಿಲ್ಲ. ಜೋಡಿಸುವ ಕ್ರಮ ಮಾತ್ರ ಬೇರೆ: ಬಲರಾಮನಿದ್ದರೆ ರಾಮ, ಬಲರಾಮ, ಕೃಷ್ಣ, ಕಲ್ಕಿ, ಬುದ್ಧನಿದ್ದರೆ ರಾಮ, ಕೃಷ್ಣ, ಬುದ್ಧ, ಕಲ್ಕಿ. ನೋಡುವವರ ಎಡಗಡೆಯಿಂದ ಮತ್ಸ್ಯ ಶುರುವಾಗಲಿ.

ಸಮುದ್ರ ಮಥನ ಮಕ್ಕಳು ತುಂಬ ಹೊತ್ತು ನಿಂತು ನೋಡುವ ಸೆಟ್. ಕೆಳಗೆ ಕೂರ್ಮ, ಅದರ ಬೆನ್ನ ಮೇಲೆ ಮಂದರ, ಸುತ್ತಿದ ವಾಸುಕಿ, ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು. ತಲೆಯ ಕಡೆ ಅಸುರರು, ಬಾಲದ ಕಡೆ ದೇವತೆಗಳು ನಿಲ್ಲಬೇಕು. ಮೊದಲು ದೇವತೆಗಳೇ ತಲೆ ಹಿಡಿದಾಗ, ಬಾಲ ಹಿಡಿಯುವುದು ನಮಗೆ ಅವಮಾನವೆಂದು ಅಸುರರು ಹಟಹಿಡಿದು ತಲೆಗೆ ಬಂದರು; ಆಮೇಲೆ ವಾಸುಕಿಯ ಉಸಿರಿನ ಬೆಂಕಿ, ಹೊಗೆಯಲ್ಲಿ ಬೆಂದವರೂ ಅವರೇ. ಅಂಗಡಿಯವರು ಜೋಡಿಸಿಟ್ಟಿದ್ದು ತಿರುವುಮುರುವಾಗಿದ್ದರೆ ಮನೆಯಲ್ಲಿ ಬದಲಿಸಿಕೊಳ್ಳಬಹುದೇ ನೋಡಿ. ವಾಸುಕಿಯನ್ನು ತುಂಡುತುಂಡಾಗಿ ಮಾಡಿ ಪ್ರತಿ ಗೊಂಬೆಯ ಕೈಗೆ ಅಂಟಿಸಿದ್ದರೆ ಬದಲಿಸಲು ಬರುವುದಿಲ್ಲ. ಅಂಥ ಸೆಟ್‌ನಲ್ಲಿ ಒಂದು ಗೊಂಬೆ ಒಡೆದರೂ ಹಾವು ತುಂಡಾಗುತ್ತದೆ, ನೆಲ ಅರ್ಧ ಇಂಚು ಏರುಪೇರಾದರೂ ತುಂಡುಗಳು ಒಂದಕ್ಕೊಂದು ಕೂಡುವುದಿಲ್ಲ. ತಂತಿಗೆ ಬಟ್ಟೆ ಸುತ್ತಿದ ಬಿಡಿ ವಾಸುಕಿ ಇರುವುದೇ ಮೇಲು. ತಂತಿ ಜಾರಿಹೋದರೆ ಮಂದರಕ್ಕೆ ಎರಡು ಸುತ್ತು ಹಾಕಿ. ಒಂದೇ ಸುತ್ತು ನಿಲ್ಲುವುದಿಲ್ಲ.

ಗಿರಿಜಾ ಕಲ್ಯಾಣದಲ್ಲಿ ಪಾರ್ವತಿ ಶಿವನ ಬಲಕ್ಕೆ, ಧಾರೆ ಎರೆಯುವ ವಿಷ್ಣು, ಹೋಮದ ಮುಂದೆ ಬ್ರಹ್ಮ. ಇಷ್ಟಿದ್ದರೆ ಸಾಕು. ಪಟ್ಟಾಭಿಷೇಕದ ಸೆಟ್ ಬಗ್ಗೆ ಒಂದು ಮಾತು: ವಾಲ್ಮೀಕಿಯಲ್ಲಿ ಬೆಳ್ಗೊಡೆ ಹಿಡಿದವನು ಶತ್ರುಘ್ನ, ಚಾಮರ ಬೀಸಿದವರು ಸುಗ್ರೀವ ಮತ್ತು ವಿಭೀಷಣ. ಕ್ಯಾಲೆಂಡರ್ ಚಿತ್ರಗಳನ್ನು ನೋಡಿ ಮಾಡಿದ ಸೆಟ್‌ಗಳಲ್ಲಿ ವಿಭೀಷಣನೇ ಇರುವುದಿಲ್ಲ. ಶತ್ರುಪಕ್ಷದಿಂದ ಬಂದವನು ರಾಜನ ಪಕ್ಕ ನಿಂತು ಚಾಮರ ಬೀಸುವ ಈ ದೃಶ್ಯ ಬಿಟ್ಟುಹೋಗುವುದು ದೊಡ್ಡ ನಷ್ಟ. ವಿಭೀಷಣ ಇರುವ ಸೆಟ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ.

ಜಂಬೂ ಸವಾರಿ ನಮ್ಮದೇ ಸೆಟ್. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ನೆನಪು ಅದರಲ್ಲಿದೆ. ಅಂಬಾರಿಯಲ್ಲಿ ಅರಸರು ಕೂತಿರುವುದು ಹಳೆಯ ಕಾಲದ ಮೆರವಣಿಗೆ, ಚಾಮುಂಡೇಶ್ವರಿ ಕೂತಿರುವುದು ಈಗಿನದು. ಎರಡೂ ಸರಿ, ಎರಡನ್ನೂ ಒಂದೇ ಮೆಟ್ಟಿಲಲ್ಲಿ ಬೆರೆಸಬೇಡಿ. ಜೊತೆಗೆ ಬೆಟ್ಟದ ಮಹಿಷಾಸುರ ಬೇಕೆನ್ನುವವರು ಬಲಗೈಯಲ್ಲಿ ಎತ್ತಿದ ಕತ್ತಿ, ಎಡಗೈಯಲ್ಲಿ ಹಾವು ಇದೆಯೇ ನೋಡಿಕೊಳ್ಳಿ. ಕಾಲಾಳು, ಕುದುರೆ, ವಾದ್ಯದವರು ಬಿಡಿಬಿಡಿಯಾಗಿ ಸಿಗುವುದರಿಂದ ವರ್ಷವರ್ಷವೂ ಬೆಳೆಸಬಹುದು. ಆದರೆ ಎಲ್ಲದರ ಅಳತೆ ಒಂದಕ್ಕೊಂದು ಹೊಂದಬೇಕು. ಆನೆಗಿಂತ ದೊಡ್ಡ ಸಿಪಾಯಿಯನ್ನು ನಿಲ್ಲಿಸಿದರೆ ಮೆರವಣಿಗೆ ಎನ್ನಿಸುವುದಿಲ್ಲ.

ಇನ್ನು ಸಾಮಗ್ರಿ. ಪೇಟೆಯ ಮಣ್ಣಿನ ಗೊಂಬೆಗಳಲ್ಲಿ ಬಹುಪಾಲು ತಮಿಳುನಾಡಿನ ಪನ್ರುಟಿ, ಕಾಂಚೀಪುರ, ವಿಲ್ಲುಪುರಂ ಕಡೆಯಿಂದ ಬರುತ್ತವೆ. ಅಚ್ಚಿಗೆ ಮಣ್ಣು ಒತ್ತಿ, ಒಣಗಿಸಿ, ಆವಿಗೆಯಲ್ಲಿ ಸುಟ್ಟು, ಬಿಳಿ ಕೊಟ್ಟು, ಮೇಲೆ ಬಣ್ಣ ಹಚ್ಚುತ್ತಾರೆ. ಒಳಗೆ ಟೊಳ್ಳು. ಕೆಳಗೆ ಒಂದು ತೂತು ಇರಲೇಬೇಕು, ಇಲ್ಲದಿದ್ದರೆ ಒಳಗಿನ ತೇವ ಆವಿಯಾಗಿ ಸುಡುವಾಗಲೇ ಸಿಡಿಯುತ್ತದೆ. ಗೊಂಬೆ ಮಗುಚಿ ಆ ತೂತಿನೊಳಗೆ ನೋಡಿ: ಇಟ್ಟಿಗೆ ಕೆಂಪು ಕಂಡರೆ ಸುಟ್ಟ ಮಣ್ಣು, ಸುಣ್ಣದ ಬಿಳಿ ಕಂಡರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಬೆರಳ ಗೆಣ್ಣಿನಿಂದ ತಟ್ಟಿದರೆ ಮಣ್ಣು ಟಣ್ ಎನ್ನುತ್ತದೆ, ಪ್ಲಾಸ್ಟರ್ ಮಂಕಾಗಿ ಸದ್ದು ಮಾಡುತ್ತದೆ. ಟಣ್ ಎನ್ನದ ಮಣ್ಣಿನ ಗೊಂಬೆಯಲ್ಲಿ ಸೀಳಿದ್ದರೂ ಇರಬಹುದು. ಪ್ಲಾಸ್ಟರ್ ಗೊಂಬೆಯ ಮೂಗು, ಬೆರಳು ಚೂಪಾಗಿ ಬರುತ್ತವೆ, ನಿಜ. ಮಳೆಗಾಲದ ತೇವ ಹೀರಿ ಎರಡು ಮೂರು ವರ್ಷದಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ. ಮಣ್ಣಿನ ಬೆಲೆ ಕೇಳಿದರೆ ಕೊಳ್ಳಬೇಡಿ.

ಬಣ್ಣದ ಪರೀಕ್ಷೆಗೆ ಗೊಂಬೆಯ ಹಿಂಬದಿಯ ತಳದಲ್ಲಿ ಒದ್ದೆ ಹತ್ತಿ ಒಮ್ಮೆ ಒರೆಸಿ. ಹತ್ತಿಗೆ ಬಣ್ಣ ಬಂದರೆ ಅದು ನೀರು ಬಣ್ಣ. ಕೊಳ್ಳಬಾರದೆಂದಲ್ಲ, ಮುಂದೆ ಒಣ ಕುಂಚದಿಂದಲೇ ಧೂಳು ತೆಗೆಯಬೇಕು ಅಷ್ಟೆ.

ಕಾಗದದ ತಿರುಳಿನ ಗೊಂಬೆ ಹಗುರ. ಅಮೆರಿಕಕ್ಕೋ ಸಿಂಗಪುರಕ್ಕೋ ಒಯ್ಯುವ ಕನ್ನಡಿಗರಿಗೆ ಇದೇ ತಕ್ಕದ್ದು; ಮಣ್ಣಿನ ಗೊಂಬೆ ವಿಮಾನದ ಲಗೇಜಿನಲ್ಲಿ ಇಡಿಯಾಗಿ ತಲುಪುವ ಭರವಸೆಯಿಲ್ಲ. ಕೊರತೆ ಎರಡು: ಮುಖದ ಗೆರೆ ಮಣ್ಣಿನಷ್ಟು ಚುರುಕಾಗಿ ಮೂಡುವುದಿಲ್ಲ, ಇಲಿ ಮತ್ತು ಬೆಳ್ಳಿಮೀನು ಹುಳುವಿಗೆ ಇಷ್ಟ.

ಕಿನ್ನಾಳದ ಗೊಂಬೆಗೆ ನಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರವನ್ನು ಭಾಗಭಾಗವಾಗಿ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ ಅದೇ ಅಂಟಿಗೆ ಬೆರೆಸಿದರೆ ಕಿಟ್ಟ. ಅದನ್ನು ಸಂದುಗಳಿಗೆ, ಮೈಗೆ ಮೆತ್ತುತ್ತಾರೆ. ಒಡವೆ, ಕಿರೀಟಗಳ ಉಬ್ಬು ಬರುವುದು ಬೆಣಚುಕಲ್ಲಿನ ಪುಡಿಯ ಲೇಪದಿಂದ. ಹೀಗೆ ಭಾಗಗಳನ್ನು ಜೋಡಿಸುವುದರಿಂದಲೇ ಎಂಟು ಕೈಯ ದೇವಿಯ ಒಂದೊಂದು ಕೈಯೂ ಬೇರೆ ಬೇರೆ ದಿಕ್ಕಿಗೆ ಚಾಚಲು ಸಾಧ್ಯ. ಅಚ್ಚಿನ ಮಣ್ಣಿನಲ್ಲಿ ಕೈಗಳು ಮೈಗೆ ಅಂಟಿಕೊಂಡೇ ಇರುತ್ತವೆ. ಕೊಳ್ಳುವಾಗ ತೋಳು ಮೈಗೆ ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕಿದೆಯೇ ನೋಡಿ. ಹಸಿ ಮರ ಬಳಸಿದ್ದರೆ ಅದು ಒಣಗಿ ಕುಗ್ಗುವಾಗ ಮೊದಲು ಬಿಡುವುದು ಅಲ್ಲೇ. ತಡವಾಗಿ ಹೇಳಿದರೆ ಅವಸರದ ಕೆಲಸವಾಗುತ್ತದೆ, ಬೇಸಿಗೆಯಲ್ಲೇ ಹೇಳಿಟ್ಟರೆ ಚೆನ್ನ.

ಚನ್ನಪಟ್ಟಣದ ಗೊಂಬೆ ಬೇರೆಯೇ ಬಗೆ. ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸಿ, ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿದ್ದು. ತಿರುಗಿಸಿ ಮಾಡಿದ್ದು ದುಂಡಗೇ ಬರಬೇಕು. ರಾಜ ರಾಣಿ, ಮದುವೆ ದಿಬ್ಬಣ, ವಾದ್ಯದವರ ಸಾಲಿಗೆ ಬಹಳ ಸೊಗಸು. ನರಸಿಂಹ, ವರಾಹರನ್ನು ಅದರಲ್ಲಿ ಹುಡುಕಬೇಡಿ. ಮಕ್ಕಳು ಮುಟ್ಟಿ ಆಡುವ ಕೆಳಗಿನ ಮೆಟ್ಟಿಲಿಗೆ ಇದೇ ಇರಲಿ. ಹ್ಯಾಲೊಜೆನ್ ದೀಪದ ಹತ್ತಿರ ಮಾತ್ರ ಬೇಡ, ಅರಗು ಮೆತ್ತಗಾಗಿ ಧೂಳು ಹಿಡಿಯುತ್ತದೆ.

ಅಳತೆಯ ವಿಷಯದಲ್ಲಿ ಎಡವುವವರು ಬಹಳ. 9 ಇಂಚು ಎತ್ತರದ ದಶಾವತಾರದಲ್ಲಿ ಒಂದೊಂದರ ತಳ ಸುಮಾರು 5 ಇಂಚು. ಹತ್ತು ಗೊಂಬೆಗೆ 50, ನಡುವೆ ಒಂದೂವರೆ ಇಂಚಿನಂತೆ ಒಂಬತ್ತು ಸಂದಿಗೆ ಹದಿಮೂರೂವರೆ. ಒಟ್ಟು ಐದೂಕಾಲು ಅಡಿ ದಾಟುತ್ತದೆ. ನಾಲ್ಕು ಅಡಿಯ ಮೆಟ್ಟಿಲಿದ್ದರೆ ಸಾಲು ಎರಡಾಗಿ ಒಡೆದು ಕ್ರಮವೇ ತಪ್ಪುತ್ತದೆ. ಅಂಥವರು 6 ಇಂಚಿನ ಸೆಟ್ ತರುವುದು ಲೇಸು. ಮೆಟ್ಟಿಲುಗಳ ನಡುವಿನ ಏರಿಕೆ ಮುಂದಿನ ಗೊಂಬೆಯ ಎತ್ತರಕ್ಕಿಂತ ಬಹಳ ಕಡಿಮೆಯಾದರೆ ಹಿಂದಿನ ಸಾಲಿನ ಪೀಠ, ವಾಹನ ಕಾಣುವುದಿಲ್ಲ. ಗರುಡ, ನಂದಿ, ಮೂಷಿಕ ಎಲ್ಲ ಇರುವುದು ಕೆಳಗೇ. ಅಪಾರ್ಟ್‌ಮೆಂಟ್ ಸಂಘದವರು ಹಾಲಿನಲ್ಲಿ ಕೂರಿಸುವುದಾದರೆ ಕಥೆಯ ಸೆಟ್‌ಗಳು ಎರಡರಿಂದ ಮೂರೂವರೆ ಅಡಿ ಎತ್ತರದಲ್ಲಿರಲಿ, ಮಕ್ಕಳ ಕಣ್ಣಿನ ಮಟ್ಟ ಅದು. ಪ್ರತಿ ಸೆಟ್‌ನ ಮುಂದೆ ಕನ್ನಡದಲ್ಲಿ ನಾಲ್ಕೇ ಸಾಲಿನ ಚೀಟಿ ಇಡಿ. ಬೇರೆ ರಾಜ್ಯದವರ ಮನೆಯಲ್ಲೂ ಅದೇ ಕಥೆ ಇದ್ದೇ ಇರುತ್ತದೆ, ಮಾತು ಅಲ್ಲಿಂದ ಶುರುವಾಗುತ್ತದೆ.

ಪೇಟೆಯ ದೊಡ್ಡ ಕೊರತೆ ನಮ್ಮ ನೆಲದ ಕಥೆಗಳದ್ದು. ಅಚ್ಚುಗಳು ತಮಿಳುನಾಡಿನವಾದ್ದರಿಂದ ಮುರುಗನ ಆರು ಕ್ಷೇತ್ರ, ಆಂಡಾಳ್ ಕಲ್ಯಾಣ ಸುಲಭವಾಗಿ ಸಿಗುತ್ತವೆ. ಹುಲಿಯೇರಿದ ಮಾದೇಶ್ವರ, ಕೊಡ ಹೊತ್ತ ಸವದತ್ತಿಯ ಎಲ್ಲಮ್ಮ, ತುಳುನಾಡಿನ ಕೋಟಿ ಚೆನ್ನಯ್ಯ ಹುಡುಕಿದರೂ ಕಾಣುವುದಿಲ್ಲ. ಪುಣ್ಯಕೋಟಿ ಒಂದು ಹೇಗೋ ಸಿಗುತ್ತದೆ: ಹಸು, ಕರು, ಹುಲಿ, ಕೊಳಲೂದುವ ಗೊಲ್ಲ. ಉಳಿದವನ್ನು ಕಿನ್ನಾಳದಲ್ಲೋ ಊರಿನ ಗಣಪತಿ ಮಾಡುವ ಕುಂಬಾರರಲ್ಲೋ ಹೇಳಿ ಮಾಡಿಸಬೇಕು. ಬರೀ ಹೆಸರು ಹೇಳಿ ಬರಬೇಡಿ. ಚಿತ್ರ, ಕೈಯಲ್ಲಿರುವ ವಸ್ತು, ವಾಹನ, ಬಟ್ಟೆಯ ಬಣ್ಣ, ಇಂಚಿನಲ್ಲಿ ಎತ್ತರ ಎಲ್ಲ ಬರೆದುಕೊಡಿ. ಊರಿನ ದೇವಸ್ಥಾನದ ಸಮಿತಿಗಳು ಇದಕ್ಕೆ ಮನಸ್ಸು ಮಾಡಿದರೆ ಒಂದು ಅಚ್ಚಿನಿಂದ ಇಡೀ ಊರಿಗೆ ಗೊಂಬೆ ಆಗುತ್ತದೆ.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆ ಮಲಗಿಸಿದ ಮೇಲೆ ಉಳಿದವನ್ನು ಒಂದೆರಡು ದಿನ ಗಾಳಿಯಾಡಲು ಬಿಟ್ಟು ಎತ್ತಿಡಿ. ಆರತಿ, ಹೂವಿನ ತೇವ ಹಾಗೇ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಮೊದಲ ಸುತ್ತು ಹಳೆಯ ಹತ್ತಿ ಸೀರೆ ಅಥವಾ ಪಂಚೆ. ವೃತ್ತಪತ್ರಿಕೆಯ ಶಾಯಿ ಬಣ್ಣಕ್ಕೆ ಹತ್ತುತ್ತದೆ, ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಸುತ್ತಿದರೆ ಬೇಸಿಗೆಯ ಸೆಕೆಗೆ ಅಂಟಿ ದುಂಡು ಕಲೆ ಬೀಳುತ್ತದೆ. ಎರಡೂ ಬಟ್ಟೆಯ ಮೇಲೆಯೇ ಇರಲಿ. ಕಿನ್ನಾಳ ಮತ್ತು ಕಾಗದದ ಗೊಂಬೆಗಳ ಪೆಟ್ಟಿಗೆಗೆ ಒಣ ಬೇವಿನೆಲೆ, ಬಜೆ ಹಾಕಿ, ನೆಲದಿಂದ ಎತ್ತರದಲ್ಲಿಡಿ. ಹುಣಸೆ ಬೀಜದ ಅಂಟು ಹುಳುವಿಗೆ ಊಟವೇ. ಕೊಡೆ, ಗದೆ, ಚಕ್ರಗಳನ್ನು ಒಂದು ಬಟ್ಟೆಚೀಲದಲ್ಲಿ ಹಾಕಿ ಅದೇ ಸೆಟ್‌ನ ಪೆಟ್ಟಿಗೆಯೊಳಗಿಡಿ, ಪೆಟ್ಟಿಗೆಯ ಮೇಲೆ ಸೆಟ್‌ನ ಹೆಸರು, ಗೊಂಬೆಗಳ ಸಂಖ್ಯೆ ಬರೆಯಿರಿ. ಮಣ್ಣಿನ ತೋಳು ಮುರಿದರೆ ಎಂ-ಸೀಲ್ ಮೆತ್ತಿ ಒಂದು ದಿನ ಬಿಟ್ಟು ಉಜ್ಜಿ ಬಣ್ಣ ಹಚ್ಚಬಹುದು. ಕಿನ್ನಾಳದ್ದಕ್ಕೆ ಅದು ಬೇಡ. ಮರ ಹಿಗ್ಗಿ ಕುಗ್ಗುವಾಗ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ, ಮಾಡಿದವರ ಕೈಯಲ್ಲೇ ಸರಿಮಾಡಿಸಿ.