ಮಕ್ಕಳ ರೆಪ್ಪೆ ಊತಕ್ಕೆ ಯಾವ ಆಂಟಿಬಯಾಟಿಕ್?

ಬಿಸಿಬಟ್ಟೆ ಶಾಖ, ರೆಪ್ಪೆಯ ಬುಡ ಒರೆಸುವುದು, ಡ್ರಾಪ್ಸ್, ಇಷ್ಟೆಲ್ಲ ಮಾಡಿದರೂ ಗೀಜು, ಕೆಂಪು, ಪದೇ ಪದೇ ಕುರು ನಿಲ್ಲದಿದ್ದಾಗ ಅಥವಾ ಕಾರ್ನಿಯಾಕ್ಕೂ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತೊಂದರೆ ಹಬ್ಬಿದಾಗ ಡಾಕ್ಟರು ಬಾಯಿ ಮೂಲಕ ಕೊಡುವ ಆಂಟಿಬಯಾಟಿಕ್ ಬರೆಯುತ್ತಾರೆ. ಇದು ಬರೀ ಕ್ರಿಮಿ ಕೊಲ್ಲಲು ಅಲ್ಲ, ಉರಿಯೂತ ಇಳಿಸಲೂ ಹೌದು. ಅದಕ್ಕೇ ಕೆಲವೊಮ್ಮೆ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತದೆ.

ಡಾಕ್ಸಿಸೈಕ್ಲಿನ್ ದೊಡ್ಡವರಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ 8 ವರ್ಷದೊಳಗಿನ ಮಕ್ಕಳಿಗೆ ಇಷ್ಟು ದಿನ ಕೊಟ್ಟರೆ ಹಲ್ಲಿಗೆ ಕಲೆ ಬೀಳುವ ಭಯ, ಹಾಗಾಗಿ ಸಾಮಾನ್ಯವಾಗಿ ಕೊಡುವುದಿಲ್ಲ. ದೊಡ್ಡ ಮಕ್ಕಳಾದರೆ ತುಂಬಾ ನೀರಿನ ಜೊತೆ ನುಂಗಬೇಕು, ತಕ್ಷಣ ಮಲಗಬಾರದು, ಹಾಲಿನ ಜೊತೆ ಬೇಡ (ಕೋಲಾರದ ಮನೆಗಳಲ್ಲಿ ಮಾತ್ರೆ ಅಂದರೆ ಹಾಲಿನ ಲೋಟ ಎದುರಿಗೇ ಬರುತ್ತೆ, ಅಲ್ವಾ?). ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಶಾಲೆ ಮೈದಾನದಲ್ಲಿ ಜೋಪಾನ.

ಚಿಕ್ಕವರಿಗೆ ಉಳಿಯುವುದು ಎರಿತ್ರೋಮೈಸಿನ್, ಅಜಿತ್ರೋಮೈಸಿನ್. ಎರಡೂ ಸಿರಪ್ ರೂಪದಲ್ಲಿ ಸಿಗುತ್ತವೆ. ಎರಿತ್ರೋಮೈಸಿನ್ ಹಳೆಯದು, ಆದರೆ ದಿನಕ್ಕೆ ಹಲವು ಸಲ ಕುಡಿಸಬೇಕು, ಹೊಟ್ಟೆನೋವು, ವಾಂತಿ ಜಾಸ್ತಿ. ಅಜಿತ್ರೋಮೈಸಿನ್ ದೇಹದಲ್ಲಿ ತುಂಬಾ ಹೊತ್ತು ಉಳಿಯುವುದರಿಂದ ದಿನಕ್ಕೆ ಒಂದೇ ಸಲ ಸಾಕು, ಕೆಲವರಿಗೆ ವಾರದಲ್ಲಿ ಕೆಲವೇ ದಿನ. ಹಟ ಮಾಡುವ ಮಗುವಿದ್ದರೆ ನಾನು ಡಾಕ್ಟರ ಹತ್ತಿರ ಮೊದಲು ಇದನ್ನೇ ಕೇಳುತ್ತೇನೆ. ಮನೆಯಲ್ಲಿ ಯಾರಿಗಾದರೂ ಹೃದಯಬಡಿತದ ತೊಂದರೆಯಿದ್ದರೆ ಇವೆರಡರಲ್ಲಿ ಯಾವುದನ್ನೇ ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಿ. ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ಸುಮ್ನೆ ತರಬೇಡಿ, ಡೋಸ್ ಮಗುವಿನ ತೂಕದ ಲೆಕ್ಕದ್ದು.