ಮನೆ ಸರ್ವರ್‌ಗೆ ನಾಲ್ಕು ಡಿಸ್ಕ್: ಸ್ನ್ಯಾಪ್‌ರೇಯ್ಡೋ, ಝಡ್‌ಎಫ್‌ಎಸ್ಸೋ?

2021ರ ಜೂನ್‌ನಲ್ಲಿ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಪುಕ್ಕಟೆ ಜಾಗ ನಿಂತಿತು. ಉಳಿದ 15 ಜಿಬಿ ತುಂಬೋಕೆ ನಮ್ಮ ಮನೆಗೆ ಒಂದು ಮದುವೆ, ಒಂದು ನಾಮಕರಣ ಸಾಕಾಯಿತು. ನನ್ನ ಸರ್ವರ್ ಹುಚ್ಚು, ಅಂದರೆ ಫೋಟೋ, ಕಡತಗಳನ್ನು ಮನೆಯಲ್ಲೇ ಸದಾ ಓಡುವ ಒಂದು ಪಿಸಿಯಲ್ಲಿ ಇಡುವ ಹುಚ್ಚು, ಶುರುವಾಗಿದ್ದು ಆಮೇಲೆ. ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ಎರಡು ತಂತ್ರಾಂಶ ಸ್ನ್ಯಾಪ್‌ರೇಯ್ಡ್ ಮತ್ತು ಝಡ್‌ಎಫ್‌ಎಸ್. ಎರಡನ್ನೂ ಓಡಿಸಿ ನೋಡಿದ ಕಥೆ ಇದು.

ಮೊದಲು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಂದೆ. ಮುದ್ದಾದ ಪೆಟ್ಟಿಗೆ, ಆದರೆ ಒಳಗೆ ದೊಡ್ಡ ಡಿಸ್ಕ್‌ಗೆ ಜಾಗವಿಲ್ಲ. ಎಲ್ಲವನ್ನೂ ಯುಎಸ್‌ಬಿಯಲ್ಲಿ ಸಿಕ್ಕಿಸಿದೆ. ವಾರಕ್ಕೊಮ್ಮೆ ಯಾವುದಾದರೂ ಒಂದು ಡಿಸ್ಕ್ ಹೇಳದೆ ಕೇಳದೆ ಮಾಯವಾಗುತ್ತಿತ್ತು. ಬೇಸತ್ತು ಅದನ್ನು ಕೊಟ್ಟು, ಡಿಸ್ಕ್ ನೇರವಾಗಿ ಸಿಕ್ಕಿಸುವ ನಾಲ್ಕು ಸಾಟಾ ಪೋರ್ಟ್ ಇರುವ ಹಳೆಯ ಆಫೀಸ್ ಡೆಸ್ಕ್‌ಟಾಪ್ ತಂದೆ. 8 ಜಿಬಿ ರ‍್ಯಾಮ್, ಡೆಬಿಯನ್ 12 ಅನ್ನೋ ಲಿನಕ್ಸ್. ಫೋಟೋಗೆ ಗೂಗಲ್ ಫೋಟೋಸ್ ಥರದ ಇಮ್ಮಿಚ್, ಕಡತಗಳನ್ನು ಮನೆಯ ನೆಟ್‌ವರ್ಕ್‌ನಲ್ಲಿ ಹಂಚಲು ಸಾಂಬಾ. ಇಮ್ಮಿಚ್‌ನ ಡೇಟಾಬೇಸ್ ಮಾತ್ರ ಎಸ್‌ಎಸ್‌ಡಿ ಮೇಲೆ. (ಮುಖ ಗುರುತಿಸುವಾಗ ಇಮ್ಮಿಚ್ ಇಂದಿಗೂ ನಮ್ಮ ಅಮ್ಮನನ್ನೂ ಚಿಕ್ಕಮ್ಮನನ್ನೂ ಒಬ್ಬರೇ ಅಂದುಕೊಂಡಿದೆ. ಇಬ್ಬರಿಗೂ ಹೇಳಿಲ್ಲ.)

ಇನ್ನು ಡಿಸ್ಕ್‌ಗಳ ವಿಷಯ. ನನ್ನ ಹತ್ತಿರ ಇದ್ದದ್ದು 4 ಟಿಬಿಯ ಎರಡು, 2 ಟಿಬಿಯದು ಒಂದು, 1 ಟಿಬಿಯದು ಒಂದು.

ಮೊದಲ ಮೂರು ತಿಂಗಳು ಮರ್ಜರ್‌ಎಫ್‌ಎಸ್ ಜೊತೆ ಸ್ನ್ಯಾಪ್‌ರೇಯ್ಡ್. ಮರ್ಜರ್‌ಎಫ್‌ಎಸ್ ಬೇರೆ ಬೇರೆ ಅಳತೆಯ ಡಿಸ್ಕ್‌ಗಳನ್ನು ಒಂದೇ ಫೋಲ್ಡರ್ ಥರ ತೋರಿಸುತ್ತದೆ. ಸ್ನ್ಯಾಪ್‌ರೇಯ್ಡ್ ಒಂದು ಡಿಸ್ಕ್ ಅನ್ನು ಪ್ಯಾರಿಟಿಗೆ (ಬೇರೆ ಡಿಸ್ಕ್ ಸತ್ತರೆ ಅದರ ಕಡತಗಳನ್ನು ಮತ್ತೆ ಕಟ್ಟಲು ಬೇಕಾದ ಲೆಕ್ಕ) ತೆಗೆದುಕೊಳ್ಳುತ್ತದೆ. ಅದು ಉಳಿದವುಗಳಲ್ಲಿ ದೊಡ್ಡದಕ್ಕಿಂತ ಚಿಕ್ಕದಿರಬಾರದು, ಅಷ್ಟೇ. ಹಾಗಾಗಿ ನನಗೆ 4, 2, 1 ಸೇರಿ 7 ಟಿಬಿ ಸಿಕ್ಕಿತು. ಕೈಗೆ ಸಿಕ್ಕ ಡಿಸ್ಕ್ ಎಲ್ಲವೂ ಕೆಲಸಕ್ಕೆ ಬಂತಲ್ಲ ಅನ್ನೋ ಖುಷಿ ಬೇರೆ. ಒಂದು ಸಿನಿಮಾ ನೋಡುವಾಗ ಅದಿರುವ ಡಿಸ್ಕ್ ಮಾತ್ರ ತಿರುಗುತ್ತದೆ, ಉಳಿದವು ಮಲಗಿರುತ್ತವೆ. ಒಂದೊಂದು ಡಿಸ್ಕ್ ಮೇಲೂ ಲಿನಕ್ಸ್‌ನ ಮಾಮೂಲಿ ಫೈಲ್‌ಸಿಸ್ಟಮ್ ಎಕ್ಸ್ಟ್4 ಇರುವುದರಿಂದ, ಬಿಚ್ಚಿ ಯಾವ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಹಾಕಿದರೂ ಓದುತ್ತದೆ. ಪರೀಕ್ಷೆಗೆ ಅಂತ 2 ಟಿಬಿ ಡಿಸ್ಕ್ ಎಳೆದು ನೋಡಿದೆ. ಅದರಲ್ಲಿದ್ದ ಕಡತ ಮಾತ್ರ ಕಾಣೆಯಾದವು. ಅದನ್ನೇ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿ, ಪ್ಯಾರಿಟಿಯಿಂದ ಕಡತ ಕಟ್ಟಿಕೊಳ್ಳಲು ರಾತ್ರಿ ಬಿಟ್ಟೆ, ಬೆಳಿಗ್ಗೆ ಎಲ್ಲ ವಾಪಸ್.

ಇಷ್ಟೆಲ್ಲ ಚೆನ್ನಾಗಿರುವಾಗ ಬಿಟ್ಟದ್ದು ಯಾಕೆ? ಒಂದು ಭಾನುವಾರ ಸಂಜೆ ಮಗಳು ಉಡುಪಿ ಪ್ರವಾಸದ ಫೋಲ್ಡರ್ ಅನ್ನು ಗೊತ್ತಿಲ್ಲದೆ ಅಳಿಸಿಬಿಟ್ಟಳು. ನಮಗೆ ಗೊತ್ತಾಗಿದ್ದು ಮಂಗಳವಾರ. ಸ್ನ್ಯಾಪ್‌ರೇಯ್ಡ್ ಪ್ಯಾರಿಟಿ ಲೆಕ್ಕ ಹಾಕುವುದು ಅದರ ಸಿಂಕ್ ಆಜ್ಞೆ ಓಡಿಸಿದಾಗ ಮಾತ್ರ. ನಾನು ಇಟ್ಟದ್ದು ದಿನಾ ರಾತ್ರಿ 3 ಗಂಟೆಗೆ. ಸೋಮವಾರ ಬೆಳಗಿನ ಜಾವವೇ ಅದು ಫೋಲ್ಡರ್ ಇಲ್ಲ ಅಂತ ಒಪ್ಪಿಕೊಂಡು ಪ್ಯಾರಿಟಿ ತಿದ್ದಿಟ್ಟಿತ್ತು. ಭಾನುವಾರ ರಾತ್ರಿಯೇ ನೋಡಿದ್ದರೆ ಒಂದೇ ಆಜ್ಞೆಯಲ್ಲಿ ವಾಪಸ್ ತರಬಹುದಿತ್ತು. ಪುಣ್ಯಕ್ಕೆ ಹೆಂಡತಿಯ ಫೋನಿನಲ್ಲಿ ಫೋಟೋ ಇನ್ನೂ ಇದ್ದವು. "ರೀ, ಇಷ್ಟೆಲ್ಲ ಪೆಟ್ಟಿಗೆ ತಂದು ಕೊನೆಗೆ ನನ್ನ ಫೋನೇ ಬೇಕಾಯ್ತಾ?" ಅಂದಳು. ಉತ್ತರ ಇರಲಿಲ್ಲ.

ಆಮೇಲೆ ಝಡ್‌ಎಫ್‌ಎಸ್. 4 ಟಿಬಿಯ ಎರಡನ್ನೂ ಮಿರರ್ ಮಾಡಿದೆ, ಅಂದರೆ ಎರಡರಲ್ಲೂ ಅದೇ ಡೇಟಾ. 8 ಟಿಬಿ ಕೊಂಡು 4 ಟಿಬಿ ಬಳಸುವುದು, ಜೇಬಿಗೆ ಉರಿಯುವ ಲೆಕ್ಕವೇ. ಡಿಸ್ಕ್ ಸೇರಿಸಬೇಕಾದರೂ ಜೋಡಿಯಾಗೇ ತರಬೇಕು. ನಾನು ಹಾಕಿದ ಆವೃತ್ತಿ ಸುಮ್ನೆ ಬಿಟ್ಟರೆ ಅರ್ಧ ರ‍್ಯಾಮ್ ತನಗೇ ಇಟ್ಟುಕೊಳ್ಳುತ್ತದೆ, ಹಾಗಾಗಿ 2 ಜಿಬಿಗೆ ಕಟ್ಟಿಹಾಕಿದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆ ಲೈಸೆನ್ಸ್ ಹೊಂದದ ಕಾರಣ ಅದರ ಮಾಡ್ಯೂಲ್ ಬೇರೆಯಾಗಿ ಬರುತ್ತದೆ. ಒಮ್ಮೆ ಕರ್ನಲ್ ಅಪ್‌ಡೇಟ್ ಆದ ಮೇಲೆ ಪೂಲ್ (ಝಡ್‌ಎಫ್‌ಎಸ್‌ನ ಡಿಸ್ಕ್ ಗುಂಪು) ಏಳಲೇ ಇಲ್ಲ. ಮಾಡ್ಯೂಲ್ ಮತ್ತೆ ಕಟ್ಟುವಷ್ಟರಲ್ಲಿ ಅರ್ಧ ಭಾನುವಾರ ಹೋಯಿತು.

ಆದರೂ ಅದೇ ಅಳಿಸುವ ಪರೀಕ್ಷೆ ಬೇಕಂತಲೇ ಮಾಡಿದೆ. ಮಿರರ್‌ನಿಂದ ಪ್ರಯೋಜನವಿಲ್ಲ, ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಅಳಿಯುತ್ತದೆ. ಕಾಪಾಡಿದ್ದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದಲ್ಲಿ ಕಡತಗಳು ಇದ್ದ ಸ್ಥಿತಿಯನ್ನು ಹಾಗೇ ಹಿಡಿದಿಡುವುದು. ದಿನಕ್ಕೊಂದು ತೆಗೆದು 30 ದಿನ ಇಟ್ಟಿದ್ದೇನೆ. ಮರೆಯಲ್ಲಿರುವ ಸ್ನ್ಯಾಪ್‌ಶಾಟ್ ಫೋಲ್ಡರ್‌ಗೆ ಹೋಗಿ ಕಾಪಿ ಮಾಡಿದೆ, ಎರಡು ನಿಮಿಷದ ಕೆಲಸ. ಒಂದು ಡಿಸ್ಕ್‌ನ ವೈರ್ ಕಿತ್ತಾಗ ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಮತ್ತೆ ಸಿಕ್ಕಿಸಿದರೆ ಅಷ್ಟರಲ್ಲಿ ಬದಲಾದದ್ದನ್ನು ಮಾತ್ರ ನಕಲು ಮಾಡಿಕೊಂಡಿತು.

ಕರೆಂಟ್ ವಿಷಯಕ್ಕೂ ಇದೇ ಮೇಲು. ಮಳೆಗಾಲದಲ್ಲಿ ನಮ್ಮ ಏರಿಯಾದ ಕಥೆ ಗೊತ್ತಲ್ಲ. ಮನೆಯ ಇನ್ವರ್ಟರ್‌ನಲ್ಲಿ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇಲ್ಲದಿದ್ದರೆ, ಅದು ಕರೆಂಟ್ ಬದಲಿಸುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿಬಿಡುತ್ತದೆ. ಝಡ್‌ಎಫ್‌ಎಸ್ ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆದು ಆಮೇಲೆ ಗುರುತು ಬದಲಿಸುತ್ತದೆ. ಹಾಗಾಗಿ ಮಧ್ಯೆ ಕರೆಂಟ್ ಹೋದರೆ ಹಳೆಯದಾದರೂ ಸರಿಯಾಗಿ ಉಳಿಯುತ್ತದೆ.

ಬಿಲ್ ಬಗ್ಗೆ ಒಂದು ಮಾತು. ಈ ಡೆಸ್ಕ್‌ಟಾಪ್ 30 ವ್ಯಾಟ್ ತಿಂದರೆ ತಿಂಗಳಿಗೆ ಸುಮಾರು 22 ಯೂನಿಟ್. ಗೃಹಜ್ಯೋತಿಯಲ್ಲಿ ನಮ್ಮ ಮಿತಿ 2022-23ರ ಸರಾಸರಿಗೆ ಶೇ 10 ಸೇರಿಸಿದ್ದು. ಆಗ ಸರ್ವರ್ ಇರಲಿಲ್ಲ! ಹೆಚ್ಚಾದದ್ದಕ್ಕೆ ದುಡ್ಡು ಕಟ್ಟುತ್ತೇವೆ, 200 ದಾಟಿದರೆ ಪೂರ್ತಿ ಬಿಲ್. ಬೇಸಿಗೆಯಲ್ಲಿ ಮೀಟರ್ ನೋಡುವ ಕೆಲಸ ನನ್ನದೇ.

ಬರೀ ಎಕ್ಸ್ಟ್4 ಡಿಸ್ಕ್ ಇಟ್ಟು ರಾತ್ರಿ ಆರ್‌ಸಿಂಕ್ (ಬದಲಾದ ಕಡತಗಳನ್ನು ಇನ್ನೊಂದು ಡಿಸ್ಕ್‌ಗೆ ನಕಲು ಮಾಡುವ ಸಾಧನ) ಓಡಿಸುವವರೂ ಇದ್ದಾರೆ. ಎರಡು ವಾರ ಮಾಡಿದೆ. ಕೆಟ್ಟದ್ದೇನಲ್ಲ, ಆದರೆ ಕಡತ ಡಿಸ್ಕ್ ಮೇಲೆ ತಾನಾಗೇ ಕೊಳೆತರೆ (ಕೆಟ್ಟರೆ) ಕೊಳೆತದ್ದನ್ನೇ ನಿಷ್ಠೆಯಿಂದ ನಕಲು ಮಾಡುವ ಅಪಾಯ ಇದೆ. ಝಡ್‌ಎಫ್‌ಎಸ್‌ಗೂ ಸ್ನ್ಯಾಪ್‌ರೇಯ್ಡ್‌ಗೂ ಚೆಕ್‌ಸಮ್ (ಕಡತ ಬದಲಾಗಿದೆಯೇ ಅಂತ ತಾಳೆ ನೋಡುವ ಸಂಖ್ಯೆ) ಇದೆ, ಎಲ್ಲವನ್ನೂ ಓದಿ ತಾಳೆ ನೋಡುವ ಸ್ಕ್ರಬ್ ಓಡಿಸಿದರೆ ಕೊಳೆತದ್ದು ಗೊತ್ತಾಗುತ್ತದೆ.

ಈಗ ಫೋಟೋ, ಕಾಗದಪತ್ರ ಝಡ್‌ಎಫ್‌ಎಸ್ ಮೇಲೆ. ಸಿನಿಮಾ 2 ಮತ್ತು 1 ಟಿಬಿಯಲ್ಲಿ ಮರ್ಜರ್‌ಎಫ್‌ಎಸ್ ಅಡಿ, ಪ್ಯಾರಿಟಿ ಇಲ್ಲದೆ. ಹೋದರೆ ಹೋಗಲಿ. ಸಿನಿಮಾ ಜಾಸ್ತಿ, ಫೋಟೋ ಕಡಿಮೆ ಇರುವ ಮನೆಯಾದರೆ ನಾನೂ ಸ್ನ್ಯಾಪ್‌ರೇಯ್ಡ್ ಅನ್ನೇ ಹೇಳುತ್ತಿದ್ದೆ.

ಫೋಟೋಗಳ ಇನ್ನೊಂದು ನಕಲು ತುಮಕೂರಿನ ಅಕ್ಕನ ಮನೆಯಲ್ಲಿದೆ. ಅದು ಬೇಕಂತಲೇ ಮಾಮೂಲಿ ಎಕ್ಸ್ಟ್4. ಹಬ್ಬಕ್ಕೆ ಹೋದಾಗ ಹೊಸ ಡಿಸ್ಕ್ ಕೊಟ್ಟು ಹಳೆಯದು ತರುತ್ತೇನೆ. ಅಕ್ಕ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಧ್ಯೆ ಇಡುತ್ತಾಳೆ. ಹೋದ ಸಲ ತಂದ ಡಿಸ್ಕ್‌ನಿಂದ ಮನೆ ಪೂರ್ತಿ ನುಸಿಗುಳಿಗೆ ವಾಸನೆ.