ಫೋರ್ಟ್ ಕೊಚ್ಚಿಯ ಕ್ರಿಸ್‌ಮಸ್ ದೀಪ ನೋಡೋಕೆ ಗೈಡ್ ಬೇಕಾ?

ಡಿಸೆಂಬರ್ 28ರ ಸಂಜೆ ನಾನು, ಅಕ್ಕ ಇಬ್ಬರೂ ಫೋರ್ಟ್ ಕೊಚ್ಚಿಯಲ್ಲಿ ಒಂದು ‘ಕ್ರಿಸ್‌ಮಸ್ ದೀಪಗಳ ನಡಿಗೆ’ಗೆ ಹೋಗಿದ್ದೆವು. ತಲೆಗೆ 700 ರೂಪಾಯಿ, ಎರಡು ಗಂಟೆ, ಜೊತೆಗೊಬ್ಬ ಗೈಡ್. ನಡೆಸುವವರ ಹೆಸರು ಹೇಳುವುದಿಲ್ಲ, ಅಲ್ಲಿ ಇಂಥವು ಬೇಕಾದಷ್ಟಿವೆ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು. ಗೈಡ್ ಹುಡುಗನಿಗೆ ಮಾತ್ರ ಅಂದರೆ ನಾಲ್ಕೂವರೆ ಕೊಡುತ್ತೇನೆ. ತೊಂದರೆ ಇದ್ದದ್ದು ಅವನಲ್ಲಲ್ಲ, ಅವನ ಕೈಗೆ ಕೊಟ್ಟ ಪಟ್ಟಿಯಲ್ಲಿ.

ನಾವು ಮಂಗಳೂರಿನವರು. ಡಿಸೆಂಬರ್ ಬಂತು ಅಂದರೆ ಪಕ್ಕದ ಮನೆಯ ಕ್ರಿಶ್ಚಿಯನ್ ಬಾಯಮ್ಮ ಕಳಿಸುವ ಕುಸ್ವಾರ್ ತಿಂಡಿಗಳ ತಟ್ಟೆ, ಅವರ ಅಂಗಳದ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ಮಾವಿನ ಕೊಂಬೆಗೆ ತೂಗುಹಾಕಿದ ನಕ್ಷತ್ರ. “ಬೆಂದೂರಲ್ಲಿ, ಕುಲಶೇಖರದಲ್ಲಿ ಇಲ್ಲದ್ದು ಅಲ್ಲೇನಿದೆ?” ಅಂತ ಅಕ್ಕ ರೈಲು ಹತ್ತುವವರೆಗೂ ಗೊಣಗುತ್ತಲೇ ಇದ್ದಳು.

ಎರ್ನಾಕುಳಂನಿಂದ ಬೋಟಿನಲ್ಲೇ ಹೋಗಿ. ಟ್ಯಾಕ್ಸಿಯಲ್ಲಿ ಸೇತುವೆ ಮೇಲೆ ಸಿಕ್ಕಿಹಾಕಿಕೊಂಡರೆ ಸಂಜೆ ಅಲ್ಲೇ ಕಳೆಯುತ್ತದೆ. ಬೋಟಿನಲ್ಲಾದರೆ ಗಾಳಿ ತಿನ್ನುತ್ತಾ ಸುಮಾರು ಇಪ್ಪತ್ತು ನಿಮಿಷದಲ್ಲಿ ಆಚೆ ದಡ.

ಐದೂವರೆಗೆ ಬನ್ನಿ ಅಂದಿದ್ದರು. ಹೊರಟಾಗ ಆರೂ ಹತ್ತು. ಯಾರೋ ನಾಲ್ಕು ಜನ ಬರಬೇಕಿತ್ತಂತೆ, ಅವರಿಗಾಗಿ ಹನ್ನೊಂದು ಜನ ಕಾದೆವು. ಇದರಿಂದ ಆದ ನಷ್ಟ ಅಂದರೆ ಸೇಂಟ್ ಫ್ರಾನ್ಸಿಸ್ ಚರ್ಚ್. ನಾವು ತಲುಪುವಷ್ಟರಲ್ಲಿ ಬಾಗಿಲು ಹಾಕಿತ್ತು. ಹುಡುಗ ಪಾಪ, ಗೇಟಿನ ಹೊರಗೆ ನಿಂತೇ ಕಥೆ ಹೇಳಿದ. ವಾಸ್ಕೋ ಡ ಗಾಮ ಮೂರನೇ ಸಲ ಇಂಡಿಯಾಕ್ಕೆ ಬಂದು ತೀರಿಕೊಂಡದ್ದು ಇದೇ ಊರಲ್ಲಿ. ದಿನ 1524ರ ಡಿಸೆಂಬರ್ 24. ವೈಸ್‌ರಾಯ್ ಅಂತ ಬಂದು ಮೂರು ತಿಂಗಳು ಆಗಿತ್ತಷ್ಟೆ. ಈ ಚರ್ಚಿನಲ್ಲೇ ಹೂಳಿದ್ದರು, ಆಮೇಲೆ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು. ಶಾಲೆಯಲ್ಲಿ ‘ಕಲ್ಲಿಕೋಟೆಗೆ ಬಂದ’ ಅಂತ ಓದಿದ್ದೇ ಓದಿದ್ದು, ಹೋದದ್ದು ಎಲ್ಲಿ ಅಂತ ಯಾರೂ ಹೇಳಿರಲಿಲ್ಲ. ಅದೂ ಕ್ರಿಸ್‌ಮಸ್ ಹಿಂದಿನ ದಿನ! ಮರುದಿನ ಬೆಳಿಗ್ಗೆ ನಾವೇ ಹೋಗಿ ನೋಡಿ ಬಂದೆವು. ನೆಲದಲ್ಲಿ ಒಂದು ಕಲ್ಲು, ಸುತ್ತ ಕಟಕಟೆ, ಮೇಲೆ ಹಗ್ಗ ಎಳೆದು ಬೀಸುವ ಹಳೇ ಬಟ್ಟೆ ಪಂಖಗಳು.

ಇನ್ನು ಪಟ್ಟಿಯ ಅತಿ ಕೆಟ್ಟ ಭಾಗ. ನಡಿಗೆಯ ನಡುವೆ ಒಂದು ಅಂಗಡಿ. ಇಪ್ಪತ್ತೈದು ನಿಮಿಷ! ಎಸಿ ಹಾಕಿ, ಚಹಾ ಕೊಟ್ಟು, ಏಲಕ್ಕಿ ಅಂಗೈಗೆ ಹಾಕಿ ಮೂಸಿ ನೋಡಿ ಅಂದರು. ಮಂಗಳೂರಿನವರಿಗೆ ಏಲಕ್ಕಿ ತೋರಿಸುವುದಾ? ಅಕ್ಕ ಮೂಸಿ, “ಹೂಂ, ಏಲಕ್ಕಿ” ಅಂದಳು. ಕಮಿಷನ್ ವ್ಯವಹಾರ ಇರಲಿ, ಹೊಟ್ಟೆಪಾಡು. ಆದರೆ ದೀಪ ನೋಡಲು ದುಡ್ಡು ಕೊಟ್ಟವರನ್ನು ಟ್ಯೂಬ್‌ಲೈಟ್ ಕೆಳಗೆ ಕೂರಿಸಬಾರದು, ಅಲ್ವಾ?

ವೆಲಿ ಮೈದಾನದ ಮಳೆಮರದ ಫೋಟೋ ನೀವೂ ನೋಡಿರುತ್ತೀರಿ. ಊರಿನ ಹುಡುಗರೇ ಸೇರಿ ವರ್ಷವರ್ಷ ಸಿಂಗರಿಸುತ್ತಾರೆ. ಛತ್ರಿಯ ಹಾಗೆ ಹರಡಿದ ಭಾರೀ ಮರ, ಕೊಂಬೆ ಕೊಂಬೆಗೂ ಸೀರಿಯಲ್ ಲೈಟ್, ನಕ್ಷತ್ರ. ದೂರದಿಂದ ನೋಡಿದರೆ ಉಸಿರು ನಿಲ್ಲುತ್ತದೆ, ಸುಳ್ಳು ಹೇಳಲ್ಲ. ಹತ್ತಿರ ಹೋದರೆ ಮಾತ್ರ ಮರಕ್ಕಿಂತ ಮೊಬೈಲೇ ಜಾಸ್ತಿ. ನನ್ನ ತಲೆ ಮೇಲೆ ಒಬ್ಬ ಅಪ್ಪ ಮಗುವನ್ನು ಎತ್ತಿ ಹಿಡಿದಿದ್ದ, ಮಗು ನನ್ನ ಕೂದಲಿಗೆ ಕಡಲೆಕಾಯಿ ಸಿಪ್ಪೆ ಹಾಕುತ್ತಿತ್ತು. ಮೈದಾನದ ಅಂಚಿನಲ್ಲೇ ನಿಂತು ನೋಡುವುದು ಒಳ್ಳೆಯದು.

ಪರೇಡ್ ಮೈದಾನದಲ್ಲಿ ಪಪ್ಪಾಂಜಿ ಅರ್ಧ ಎದ್ದಿದ್ದ. ಬಿಳಿ ಗಡ್ಡದ ಮುದುಕನ ದೊಡ್ಡ ಗೊಂಬೆ, 31ರ ಮಧ್ಯರಾತ್ರಿ ಸುಡುತ್ತಾರೆ. ನಾವು ಹೋದಾಗ ತಲೆ ಇನ್ನೂ ಕೂರಿಸಿರಲಿಲ್ಲ, ಕಾಲಷ್ಟೇ ಇದ್ದವು. ನಮ್ಮ ಗುಂಪಿನ ಒಬ್ಬಾಕೆ ಗಾಬರಿಯಿಂದ “ಸಾಂಟಾನ ಸುಡ್ತಾರಾ?” ಅಂತ ಕೇಳಿದಳು. ಸಾಂಟಾ ಅಲ್ಲವಂತೆ, ಮುಗಿದುಹೋಗುವ ವರ್ಷವಂತೆ. ಸುಡುವುದನ್ನು ನೋಡುವ ಆಸೆ ನನಗೂ ಇದೆ. ಆದರೆ ಮೊಣಕಾಲು ನೋವಿನವರು, ಸಣ್ಣ ಮಕ್ಕಳಿರುವವರು 31ಕ್ಕೆ ಹೋಗಬೇಡಿ, ಆ ದಿನ ವಿಪರೀತ ಜನ.

ಈಗ ನಾಲ್ಕೂವರೆ ಯಾಕೆ ಅಂತ ಹೇಳುತ್ತೇನೆ. ಸಾಂತಾ ಕ್ರೂಜ್ ಬೆಸಿಲಿಕಾ ಪಟ್ಟಿಯಲ್ಲಿ ‘ಹೊರಗಿಂದ ಐದು ನಿಮಿಷ’ ಅಂತ ಇತ್ತು. ಬಿಳಿ ಗೋಡೆ, ಎರಡು ಗೋಪುರ, ಮೈತುಂಬ ದೀಪ. ಎಲ್ಲರೂ ಫೋಟೋ ತೆಗೆಯುತ್ತಿದ್ದಾಗ ಅಕ್ಕ ಬಾಗಿಲಲ್ಲಿ ಇಣುಕಿದವಳು ಅಲ್ಲೇ ನಿಂತಳು. “ಇದು ನಮ್ಮ ಅಲೋಶಿಯಸ್ ಚಾಪೆಲ್ ಥರಾನೇ ಇದೆಯಲ್ಲೇ” ಅಂದಳು. ಚಿತ್ರಗಳ ಬಣ್ಣ, ಮುಖಗಳು, ನಮಗೆ ಗುರುತಿದ್ದ ಕೈಯೇ. ಹುಡುಗನ ಮುಖ ಅರಳಿತು. “ಚೇಚಿ, ಎರಡನ್ನೂ ಮಾಡಿದ್ದು ಒಬ್ಬನೇ” ಅಂದ. ಇಟಲಿಯ ಅಂತೋನಿಯೊ ಮೊಸ್ಕೇನಿ. ಮಂಗಳೂರಿನ ಚಾಪೆಲ್ ಮುಗಿಸಿದ ಮೇಲೆ ಇಲ್ಲಿಗೂ ಬಂದು ಬರೆದ, ಜೊತೆಯಲ್ಲಿದ್ದ ಶಿಷ್ಯನೂ ಮಂಗಳೂರಿನವನೇ. 1905ರಲ್ಲಿ ಚರ್ಚ್ ಪ್ರತಿಷ್ಠೆಗೆ ಕೆಲವೇ ದಿನ ಇರುವಾಗ ತೀರಿಕೊಂಡ. “ಇದು ಪಟ್ಟಿಯಲ್ಲಿಲ್ಲ, ಯಾರೂ ಕೇಳಲ್ಲ” ಅಂದ ಹುಡುಗ. ಕೇಳದೆಯೂ ಹೇಳಬೇಕಾದ ಕಥೆ ಇದು. ಐದು ನಿಮಿಷದ ಜಾಗದಲ್ಲಿ ಅಕ್ಕ ಇಪ್ಪತ್ತು ನಿಮಿಷ ನಿಂತಳು, ಹುಡುಗ ಏನೂ ಅನ್ನಲಿಲ್ಲ.

ಆಮೇಲೆ ಅವನೇ, ದೊಡ್ಡ ರಸ್ತೆ ಬಿಟ್ಟು ಒಂದು ಓಣಿಯೊಳಗೆ ಕರೆದುಕೊಂಡು ಹೋದ. ಇದೂ ಪಟ್ಟಿಯಲ್ಲಿಲ್ಲ. ಹಂಚಿನ ಮನೆಗಳು, ಪ್ರತಿ ಬಾಗಿಲಿಗೂ ಕಾಗದದ ನಕ್ಷತ್ರ, ಜಗಲಿಯಲ್ಲಿ ಗೋದಲಿ. ಅಲ್ಲಿ ಪುಲ್‌ಕೂಡು ಅನ್ನುತ್ತಾರೆ, ಹುಲ್ಲಿನ ಗೂಡು. ಒಂದು ಮನೆ ಮುಂದೆ ಅಮ್ಮಚ್ಚಿಯೊಬ್ಬರು ನೈಟಿ ಮೇಲೊಂದು ತೋರ್ತು ಟವೆಲ್ ಹಾಕಿಕೊಂಡು ಕೂತಿದ್ದರು. ಅವರ ಗೂಡಿಗೆ ನಿಜವಾದ ಒಣಹುಲ್ಲಿನ ಮಾಡು, ತೆಂಗಿನ ಹುರಿಯಲ್ಲಿ ಕಟ್ಟಿದ್ದು. ಗರಟೆಗಳಲ್ಲಿ ಏನೋ ಕಾಳು ಮೊಳಕೆ ಬಂದು ಬೆರಳುದ್ದ ಹಸಿರು. ಬೆಳ್ಳಿ ಕಾಗದದ ಹೊಳೆಯಲ್ಲಿ ಪ್ಲಾಸ್ಟಿಕ್ ಬಾತುಕೋಳಿ, ದನಕ್ಕಿಂತ ದೊಡ್ಡದು. ಎಲ್ಲ ಇದ್ದರು, ಕೂಸು ಯೇಸುವನ್ನು ನೋಡಲು ಒಂಟೆ ಏರಿ ಬರುವ ಮೂವರು ರಾಜರು ಮಾತ್ರ ಇಲ್ಲ.

ನಮ್ಮಮ್ಮ ಕಾಸರಗೋಡಿನವಳು, ಹಾಗಾಗಿ ಮಲಯಾಳ ತಕ್ಕಮಟ್ಟಿಗೆ ಬರುತ್ತದೆ. ರಾಜರೆಲ್ಲಿ ಅಂತ ಕೇಳಿದೆ. ಅಮ್ಮಚ್ಚಿ ಜಗಲಿಯ ಆಚೆ ತುದಿ ತೋರಿಸಿದರು. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮೂರು ಒಂಟೆ. ಒಂದರ ಕಾಲು ಮುರಿದು ಬೆಂಕಿಕಡ್ಡಿ ಕಟ್ಟಿತ್ತು. ದಿನಾ ಸಂಜೆ ಒಂದು ಗೇಣು ಮುಂದಕ್ಕೆ ಇಡುತ್ತಾರಂತೆ. ಜನವರಿ 6ಕ್ಕೆ, ರಾಜರ ಹಬ್ಬದ ದಿನ, ಸರಿಯಾಗಿ ಕೂಸಿನ ಮುಂದೆ ಬಂದು ನಿಲ್ಲಬೇಕು. ಇನ್ನೂ ಕೇಳುವುದಿತ್ತು. ಅಷ್ಟರಲ್ಲಿ ಹುಡುಗನ ಫೋನ್ ಬಡಕೊಳ್ಳತೊಡಗಿತು. ಮುಂದಿನ ಬ್ಯಾಚ್ ಕಾಯ್ತಿದೆ, ಬೇಗ ಬಾ ಅಂತ.

ಹಾಗಾಗಿ ನನ್ನ ಸಲಹೆ ಇಷ್ಟೆ. ಇತಿಹಾಸ ಕೇಳುವ ಆಸೆ ಇದ್ದರೆ ಒಂದು ದಿನ ಗೈಡ್ ಇರಲಿ. ಆದರೆ ದುಡ್ಡು ಕೊಡುವ ಮೊದಲೇ ‘ಅಂಗಡಿಗೆ ಬರಲ್ಲ’ ಅಂತ ಹೇಳಿ. ಗುಂಪು ಆರು ಜನಕ್ಕಿಂತ ದೊಡ್ಡದಾದರೆ ಬೇಡ. ಚರ್ಚುಗಳನ್ನು ಬೆಳಕಿರುವಾಗಲೇ ಮುಗಿಸಿ. ಪ್ರಿನ್ಸೆಸ್ ಸ್ಟ್ರೀಟ್, ರೋಸ್ ಸ್ಟ್ರೀಟ್ ಸುಮ್ನೆ ಹಾದುಹೋಗಿ, ಕೆಫೆಗಳ ದೀಪ ಚೆನ್ನಾಗಿಯೇ ಇರುತ್ತದೆ, ಆದರೆ ಒಂದು ನೋಡಿದರೆ ಎಲ್ಲ ನೋಡಿದ ಹಾಗೆ. ಕಲ್ಲು ಹಾಸು ಅಲ್ಲಲ್ಲಿ ಎದ್ದಿದೆ, ಹೀಲ್ಸ್ ಬೇಡ. ಬಾತ್‌ರೂಮ್ ರೂಮಲ್ಲೇ ಮುಗಿಸಿ ಹೊರಡಿ. ವಾಪಸ್ ಕೊನೇ ಬೋಟ್ ಎಷ್ಟಕ್ಕೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ.

ಮರುದಿನ ಸಂಜೆ ಗೈಡ್ ಇಲ್ಲದೆ ನಾವಿಬ್ಬರೇ ಓಣಿಗಳಲ್ಲಿ ತಿರುಗಿದೆವು. ಎರಡು ಸಲ ದಾರಿ ತಪ್ಪಿದೆವು, ತಪ್ಪಿದಲ್ಲೇ ಇನ್ನೂ ನಾಲ್ಕು ಗೋದಲಿ ಸಿಕ್ಕವು. ಕೊನೆಗೆ ಅಮ್ಮಚ್ಚಿಯ ಮನೆ. ಒಂಟೆಗಳು ಅಲ್ಲೇ ಇದ್ದವು. ಅವರು ಅಕ್ಕನನ್ನು ನೋಡಿ, ಇವತ್ತು ನೀನೇ ಇಡು ಅಂದರು. ಅಕ್ಕ ನೆಲಕ್ಕೆ ಕೂತು, ಗೇಣು ಹಾಕಿ ಅಳೆದು, ಮೂರನ್ನೂ ಜೋಪಾನವಾಗಿ ಮುಂದಿಟ್ಟಳು. ಅಮ್ಮಚ್ಚಿ ಬಗ್ಗಿ ನೋಡಿದರು. ಆಮೇಲೆ ಮೂರು ಒಂಟೆಗಳನ್ನೂ ಎರಡೆರಡು ಬೆರಳು ಹಿಂದಕ್ಕೆ ಸರಿಸಿದರು.

“ನಿನ್ನ ಕೈ ದೊಡ್ಡದು. ಹೀಗಾದರೆ ನಾಲ್ಕನೇ ತಾರೀಕಿಗೇ ಬಂದುಬಿಡ್ತಾರೆ.”